ಇದ್ದೀನಿ, ಹೇಳು

ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ ಬಟ್ಟೆ ಒಗೆಯುವ ಕೋಣೆಯ ಮೊದಲ ಯಂತ್ರ ಆಗಲೇ ಗಡಗಡ ಸದ್ದು ಮಾಡುತ್ತಿದೆ. ಕಲೆಯಾದ ಹಾಸಿಗೆ ಬಟ್ಟೆಗಳನ್ನು ಬೇರೆ ಮಾಡಿ, ಉಳಿದವನ್ನು ಯಂತ್ರದ ಹೊಟ್ಟೆಗೆ ತುಂಬುತ್ತಿರುವವರು ಚಿಕ್ಕಮ್ಮ. ಡಾಕ್ಟರರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಅವರು ಚಿಕ್ಕಮ್ಮನೇ. ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಹೊದಿಕೆಗಳು ಆ ಸುಕ್ಕುಗಟ್ಟಿದ ಕೈಗಳನ್ನು ದಾಟುತ್ತವೆ. "ಬೆನ್ನು ನನ್ನ ಮಾತು ಕೇಳಲ್ಲ ಈಗ. ನಾನೂ ಅದರ ಮಾತು ಕೇಳಲ್ಲ" ಎನ್ನುತ್ತಾರೆ.

ಹಲವು ದೇಶಗಳ ಓದುಗರು ಕೊಂಡಾಡುತ್ತಿರುವ ಕಥನಕಾವ್ಯವೊಂದರಲ್ಲಿ ಈ ಚಿಕ್ಕಮ್ಮನಿಗೆ ಅರ್ಧ ಪಾಲಿದೆ. ಪುಸ್ತಕದಲ್ಲಿ ಮಾತ್ರ ಅವರಿಲ್ಲ.

ಅವರ ತಾಯ್ನುಡಿಗೆ ಲಿಪಿಯಿಲ್ಲ. ಶಾಲೆಯಲ್ಲಿ ಅದನ್ನಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. "ಅಕ್ಕ ದಿನಾ ನಿಲ್ತಿದ್ಲು. ನಾನು ಹೆದರ್ಕೊಂಡು ಬಾಯಿ ಮುಚ್ಕೊಂಡೆ." ಮನೆಯಲ್ಲಿ ತಾಯಿ ಇಬ್ಬರಿಗೂ ಒಂದು ಕತೆ ಕಲಿಸಿದ್ದರು. ಮುಳುಗಿದ ಮಗನನ್ನು ಹುಡುಕುತ್ತ ನದಿಯ ತಳಕ್ಕಿಳಿಯುವ ದೋಣಿಯವಳ ಕತೆ. ಅದನ್ನು ಒಬ್ಬರೇ ಹೇಳುವಂತಿಲ್ಲ. ಒಬ್ಬಳು ಹಾಡಿದರೆ ಇನ್ನೊಬ್ಬಳು ಸಾಲುಸಾಲಿಗೂ 'ಇದ್ದೀನಿ, ಹೇಳು' ಎನ್ನಬೇಕು. ಅಕ್ಕನದು ಹಾಡು, ತಂಗಿಯದು ಆ ಎರಡು ಮಾತು.

ಕೆಲವು ವರ್ಷಗಳ ಹಿಂದೆ ಪ್ರಾಧ್ಯಾಪಕರೊಬ್ಬರು ಮನೆಗೆ ಬಂದು ಅದನ್ನು ರೆಕಾರ್ಡ್ ಮಾಡಿಕೊಂಡರು. ಒಳ್ಳೆಯವರು, ನೆಲದ ಮೇಲೆಯೇ ಕೂತು ಚಹಾ ಕುಡಿದರು. ಅವರು ದೊಡ್ಡ ಭಾಷೆಯೊಂದಕ್ಕೆ ಮಾಡಿದ ಅನುವಾದಕ್ಕೆ ಬಹುಮಾನ ಬಂತು, ಜಗತ್ತಿನ ಶ್ರೇಷ್ಠ ದುರಂತಗಳ ಸಾಲಿಗೂ ಅದು ಸೇರಿತು. ರಕ್ಷಾಪುಟದಲ್ಲಿ ಅಕ್ಕನ ಚಿತ್ರವಿದೆ. ಪಕ್ಕದಲ್ಲಿ ಕೂತಿದ್ದ ತಂಗಿಯ ಭುಜವಷ್ಟೇ ಕಾಣುತ್ತದೆ.

ಶಾಲೆಯಲ್ಲಿ ಆ ದೊಡ್ಡ ಭಾಷೆ ಕಲಿತಿದ್ದ ಮಗಳು ಪುಸ್ತಕ ಓದಿ ಹೇಳಿದಾಗಲೇ ಚಿಕ್ಕಮ್ಮನಿಗೆ ಗೊತ್ತಾಯಿತು. ಹೇಳಿದ್ದನ್ನೇ ಹೇಳುತ್ತಾರೆಂದು ಪ್ರಾಧ್ಯಾಪಕರು ತಂಗಿಯ ಮಾತುಗಳನ್ನೆಲ್ಲ ತೆಗೆದುಹಾಕಿದ್ದರು. ಕತೆಯ ಕೊನೆಯಲ್ಲಿ ದೋಣಿಯವಳಿಗೆ ಮಗ ಸಿಗುವುದಿಲ್ಲ, ಕತ್ತಲಲ್ಲಿ ದಿಕ್ಕು ತಪ್ಪುತ್ತದೆ. ಹಾಡುವವಳು ಅಲ್ಲಿಗೆ ಸುಮ್ಮನಾಗುತ್ತಾಳೆ. ಆಗ ಇನ್ನೊಬ್ಬಳು ಒಂಟಿಯಾಗಿ 'ಇದ್ದೀನಿ, ಹೇಳು' ಎಂದು ಕೂಗುತ್ತಲೇ ಇರಬೇಕು. ಆ ದನಿಯ ಜಾಡು ಹಿಡಿದು ದೋಣಿಯವಳು ದಡ ಸೇರುತ್ತಾಳೆ. ಪುಸ್ತಕ ಮಾತ್ರ ಹಾಡು ನಿಂತಲ್ಲಿಯೇ ಮುಗಿದಿದೆ.

ಮಗಳಿಂದ ಪ್ರಾಧ್ಯಾಪಕರಿಗೆ ಫೋನು ಮಾಡಿಸಿದರು. "ಮೇಷ್ಟ್ರು ಪಾಪ, 'ನಂಗೆ ಹೇಳ್ಬಾರ್ದಿತ್ತೇನಮ್ಮ' ಅಂದ್ರು. ಯಾರಾದ್ರೂ ಕೇಳಿದ್ರೆ ತಾನೆ ಸ್ವಾಮಿ, ಅಂದೆ." ತಿದ್ದಲು ಅವರು ಸಿದ್ಧರಿದ್ದರು, ಪ್ರಕಾಶಕರು ಒಪ್ಪಲಿಲ್ಲ. ಓದುಗರಿಗೆ ಈ ಕೊನೆಯೇ ಹಿಡಿಸಿದೆಯಂತೆ.

ಹೋದ ಚಳಿಗಾಲದಲ್ಲಿ ಅಕ್ಕನಿಗೆ ಪಾರ್ಶ್ವವಾಯು ಬಡಿಯಿತು. ಸೇರಿಸಿದ್ದು ಇದೇ ಆಸ್ಪತ್ರೆಗೆ. ಅಕ್ಕನ ಮಾತು ನಿಂತಿತ್ತು. ಪಾಳಿ ಮುಗಿಸಿ ಬಂದು ಚಿಕ್ಕಮ್ಮ ಪಕ್ಕದಲ್ಲಿ ಕೂತು ತಮ್ಮ ಎರಡು ಮಾತನ್ನು ಹೇಳುತ್ತಲೇ ಇದ್ದರು. "ಒಂದ್ಸಲ ತುಟಿ ಅಲುಗಾಡ್ತು. ಹಾಡೋಕೆ ಹೋದ್ಲೋ, ನೀರು ಕೇಳಿದ್ಲೋ. ನೀರು ಕೊಟ್ಟೆ." ಅಕ್ಕ ಹೋದ ಮರುದಿನ ಆ ಹಾಸಿಗೆಯ ಬಟ್ಟೆ ಒಗೆಯಲು ಕೆಳಗೆ ಬಂತು. ಚಿಕ್ಕಮ್ಮ ಅದನ್ನು ಬೇರೆಯವರ ಕೈಗೆ ಕೊಡಲಿಲ್ಲ.

ಈಗ ತಾಯ್ನುಡಿಯಲ್ಲಿ ಮಾತಾಡಲು ಅವರಿಗೆ ಯಾರೂ ಇಲ್ಲ. ಮಗಳಿಗೆ ಕಲಿಸಲಿಲ್ಲ. "ಅವಳೂ ಬೆಂಚ್ ಮೇಲೆ ನಿಲ್ಲೋದು ಬೇಡ ಅಂತ." ಹಾಡು ನಿಮಗೂ ಬರುತ್ತಲ್ಲ, ನೀವೇ ಹಾಡಬಾರದೇ ಎನ್ನುತ್ತೇನೆ. "ಬರುತ್ತೆ. ಹೂಂಗುಟ್ಟೋರು ಯಾರಿದ್ದಾರೆ?"

ಪುಸ್ತಕದಲ್ಲಿ ನಿಮ್ಮ ಹೆಸರು ಬರಬೇಕೆಂದು ಆಸೆಯೇ? ಚಿಕ್ಕಮ್ಮ ಒದ್ದೆ ಹೊದಿಕೆಯೊಂದನ್ನು ಜಾಡಿಸಿ ತಂತಿಗೆ ಹಾಕುತ್ತಾರೆ.

"ಹೆಸರು ತಗೊಂಡು ಏನ್ ಮಾಡ್ಲಿ. ಆ ದೋಣಿಯವಳನ್ನ ನೀರಿಂದ ಮೇಲೆ ಕರ್ಕೊಂಡು ಬರ್ಲಿ, ಸಾಕು. ಎಷ್ಟು ಸಲ ಇಳಿದ್ರೂ ನಾನು ಒಂದ್ಸಲಾನೂ ಅವಳನ್ನ ಅಲ್ಲೇ ಬಿಟ್ಟಿಲ್ಲ."