ಮನೋರಮಕ್ಕನ ಮಂಚಗಳು

ಮನೋರಮಕ್ಕ ತುಂಬ ಒಳ್ಳೆಯ ಹೆಂಗಸು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಅವರಿಂದ ಬೈಗಳು ತಿನ್ನದವರು ನಮ್ಮ ಗಡಿಯೂರು ಮೀಂಜದಲ್ಲಿ ಕಡಿಮೆ. ರೋಗಿಯ ಮನೆಗೆ ಹೋದರೆ ಕುಶಲ ಕೇಳುವ ಮೊದಲೇ ಹೊದಿಕೆ ಸರಿಸಿ ಬೆನ್ನು ನೋಡುತ್ತಾರೆ. ಬೆನ್ನಿನಲ್ಲಿ ಹುಣ್ಣು ಕಂಡಿತೋ, ಆ ಮನೆಯವರ ಕಥೆ ಮುಗಿಯಿತು. ಮಗ ದುಬೈಯಲ್ಲಿದ್ದರೂ ಬಿಡುವುದಿಲ್ಲ, ಅಲ್ಲಿಗೇ ಫೋನು ಮಾಡಿ ಉಗಿಯುತ್ತಾರೆ. ನಾನು ಪಿಕಪ್ ಓಡಿಸುವ ಸುಧೀರ. ಅವರ ಮಂಚಗಳನ್ನು ಮನೆಯಿಂದ ಮನೆಗೆ ಸಾಗಿಸುವವನು ನಾನೇ ಆದ್ದರಿಂದ ಬೈಗಳಲ್ಲಿ ದೊಡ್ಡ ಪಾಲು ನನ್ನದು.

ನಮ್ಮ ಕ್ಲಬ್ಬಿನ ಆರೈಕೆ ಸಮಿತಿಗೆ ಅವರು ಸಂಚಾಲಕಿ. ಕ್ಲಬ್ಬೆಂದರೆ ಕಬಡ್ಡಿ, ಓಣಂ ಬಂದಾಗ ಹಗ್ಗಜಗ್ಗಾಟ, ವರ್ಷಕ್ಕೊಂದು ವಾರ್ಷಿಕೋತ್ಸವ. ಅಂಥ ಕ್ಲಬ್ಬಿಗೆ ಆಸ್ಪತ್ರೆಯಲ್ಲಿರುವಂಥ ನಾಲ್ಕು ಕಬ್ಬಿಣದ ಮಂಚಗಳು ಬಂದದ್ದು ಮನೋರಮಕ್ಕನ ಹಠದಿಂದ. ಅವರ ಅತ್ತೆ ಪಾರ್ಶ್ವವಾಯು ಬಡಿದು, ವರ್ಷಗಟ್ಟಲೆ ನೆಲದ ಮೇಲೆ ಚಾಪೆಯಲ್ಲೇ ಇದ್ದರು. ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು, ಒರೆಸುವುದು ಎಲ್ಲ ಸೊಸೆಯದ್ದೇ. ಮನೋರಮಕ್ಕನ ಸೊಂಟ ಹೋದದ್ದು ಆಗಲೇ, ಈಗಲೂ ಬಗ್ಗಿದರೆ ನೆಟ್ಟಗಾಗಲು ಗೋಡೆ ಬೇಕು. ಅತ್ತೆ ತೀರಿಕೊಂಡ ವರ್ಷ ಕ್ಲಬ್ಬಿನ ಮಹಾಸಭೆಗೆ ನೇರ ನುಗ್ಗಿ, "ಕಬಡ್ಡಿಗೆ ಮ್ಯಾಟ್ ತರ್ತೀರಿ, ಬಿದ್ದವರಿಗೆ ಒಂದು ಮಂಚ ತರ್ಲಿಕ್ಕೆ ಎಂತ ಕಷ್ಟ ನಿಮ್ಗೆ?" ಎಂದು ಕೇಳಿದ್ದರು. ಸಭೆಯಲ್ಲಿದ್ದ ಗಂಡಸರೆಲ್ಲ ತಲೆ ತಗ್ಗಿಸಿದ್ದೆವು.

ಮಂಚ ಬೇಕಾದವರಿಗೆ ಪುಕ್ಕಟೆ. ಕೆಲಸ ಮುಗಿದ ಮೇಲೆ ವಾಪಸು ಕೊಟ್ಟರಾಯಿತು. ಕೆಲಸ ಮುಗಿಯುವುದೆಂದರೆ ಏನೆಂದು ಎಲ್ಲರಿಗೂ ಗೊತ್ತು. ಎದ್ದು ನಡೆದಾಡಿ ಮಂಚ ಮರಳಿಸಿದವರೂ ಇದ್ದಾರೆ, ಆದರೆ ಹೆಚ್ಚಿನವು ಬರುತ್ತಿದ್ದದ್ದು ಸಾವಿನ ಮನೆಯಿಂದ. ಸತ್ತವರ ಚಾಪೆಯನ್ನು ಸುಟ್ಟುಬಿಡುವ ಊರು ನಮ್ಮದು. ಅಂಥಲ್ಲಿ ಈ ಮಂಚಗಳು ಇಷ್ಟು ವರ್ಷ ತಿರುಗಿದ್ದು ಮನೋರಮಕ್ಕನ ಒಂದು ಪದ್ಧತಿಯಿಂದ. ಯಾವ ಮನೆಯಿಂದ ಬಂದರೂ ಮಂಚ ಮೊದಲು ಅವರ ಅಂಗಳಕ್ಕೇ ಇಳಿಯಬೇಕು. ಸಾಬೂನು ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಕೆಲವು ದಿನ ಕಳೆದ ಮೇಲೆಯೇ ಇನ್ನೊಂದು ಮನೆಗೆ ಹೋಗಬೇಕು. "ಇದು ಯಾರ ಮನೆಯಿಂದ ಬಂದದ್ದು ಅಕ್ಕ?" ಎಂದು ಕೇಳಿದರೆ, "ನನ್ನ ಮನೆಯಿಂದ" ಎನ್ನುವರು. ಸುಳ್ಳೇನಲ್ಲ. ಕೇಳಿದವರಿಗೂ ಅದಕ್ಕಿಂತ ಹೆಚ್ಚು ತಿಳಿಯುವುದು ಬೇಡವಾಗಿತ್ತು. ನನಗಂತೂ ಮೊದಲ ದಿನವೇ ಎಚ್ಚರಿಕೆ ಸಿಕ್ಕಿತ್ತು, "ನಿನ್ನ ಬಾಯಿಂದ ಒಂದು ಮನೆಯ ಹೆಸರು ಹೊರಗೆ ಬಿದ್ರೆ ನಿನ್ನ ಪಿಕಪ್ಪಿಗೆ ಬೆಂಕಿ ಇಡ್ತೇನೆ ನೋಡು."

ಹೀಗಿರುವಾಗ ಹರಿನಾಥಣ್ಣ ಅಧ್ಯಕ್ಷರಾದರು. ದೊಡ್ಡ ದೇಣಿಗೆ ಕೊಟ್ಟವರನ್ನು ಅಧ್ಯಕ್ಷರನ್ನಾಗಿ ಕೂರಿಸುವುದು ನಮ್ಮ ಕ್ಲಬ್ಬಿನ ಹಳೆಯ ಕಾಯಿಲೆ. ಹರಿನಾಥಣ್ಣ ಮಸ್ಕತ್ತಿನಲ್ಲಿ ಒಂದು ಕಂಪೆನಿಯ ಕೆಲಸಗಾರರ ಕ್ಯಾಂಪಿಗೆ ಮೇಲ್ವಿಚಾರಕರಾಗಿದ್ದವರು. ಅಲ್ಲಿ ಒಂದರ ಮೇಲೊಂದು ಮಂಚ, ಒಂದೊಂದಕ್ಕೂ ನಂಬರು, ನಂಬರಿಗೊಬ್ಬ ಮನುಷ್ಯ. ಊರಿಗೆ ಬಂದು ನೆಲೆಸಿದರೂ ಆ ಕ್ಯಾಂಪು ಅವರ ತಲೆಯಿಂದ ಇಳಿದಿರಲಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಮೊದಲ ಸಮಿತಿ ಸಭೆಯಲ್ಲೇ ಅವರು ಮನೋರಮಕ್ಕನ ಕಡೆ ತಿರುಗಿದರು.

"ಮಂಚಗಳು ಈಗ ಎಲ್ಲೆಲ್ಲಿ ಉಂಟು ಅಕ್ಕ?"

"ಬೇಕಾದವರ ಮನೆಯಲ್ಲಿ ಉಂಟು."

"ಹಾಗೆ ಹೇಳಿದ್ರೆ ಆಗೂದಿಲ್ಲ. ಇದು ಕ್ಲಬ್ಬಿನ ಸೊತ್ತು. ನಂಬರು ಹಾಕ್ಬೇಕು. ಕೊಡುವಾಗ ಸಮಿತಿಯವರು ನಿಂತು ಫೋಟೋ ತೆಗೀಬೇಕು, ವಾಟ್ಸಾಪ್ ಗ್ರೂಪಿಗೆ ಹಾಕ್ಬೇಕು. ತಿಂಗಳಿಗೊಮ್ಮೆ ನಾನೇ ಹೋಗಿ ನೋಡ್ತೇನೆ."

"ನಂಬರು ಬೇಡ."

"ಯಾಕೆ ಬೇಡ?"

"ಬೇಡ ಅಂದ್ರೆ ಬೇಡ. ಬೇರೆ ಎಂತ ಬೇಕಾದ್ರೂ ಮಾಡು."

ಕಾರಣ ಹೇಳಿದ್ದರೆ ಅಲ್ಲಿಗೆ ಎಲ್ಲ ಹಾಳು. ಯಾರೂ ಬಾಯಿ ಬಿಟ್ಟು ಆಡದ ಮಾತನ್ನು ಸಭೆಯಲ್ಲಿ ಆಡಿದರೆ ಮರುದಿನ ಊರಿಡೀ ಆಡುತ್ತದೆ. ಮನೋರಮಕ್ಕ ಹಲ್ಲು ಕಚ್ಚಿ ಕುಳಿತರು. ಹರಿನಾಥಣ್ಣನಿಗೆ ಅದು ಕಳ್ಳತನದ ಮುಖವಾಗಿ ಕಂಡಿತು. "ಮುಚ್ಚಿಡ್ಲಿಕ್ಕೆ ಎಂತದ್ದೂ ಇಲ್ಲದಿದ್ರೆ ಫೋಟೋಕ್ಕೆ ಹೆದರೂದು ಯಾಕೆ?" ಎಂದರು, ಎಲ್ಲರಿಗೂ ಕೇಳುವ ಹಾಗೆ. ಮನೋರಮಕ್ಕ ಎದ್ದು ಹೊರಗೆ ಹೋದರು. ಅವರು ಮಾತಿಲ್ಲದೆ ಸಭೆ ಬಿಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ವಾರವೇ ಮಂಚಗಳ ತಲೆಯ ಕಡೆ ಕೆಂಪು ಬಣ್ಣದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬಿತ್ತು. ಅಡಿಯಲ್ಲಿ ಕ್ಲಬ್ಬಿನ ಹೆಸರು. ರೋಗಿ ಮಲಗಿದ್ದ ಹಾಗೆಯೇ ಪೈಂಟಿನವನು ಹೋಗಿ ಬರೆದು ಬಂದ. ತಿಂಗಳ ತಪಾಸಣೆಯೂ ಶುರುವಾಯಿತು. ಹರಿನಾಥಣ್ಣ ಒಳಗೆ ಬಂದವರೇ ನಂಬರು ನೋಡುವರು, ತಲೆಯ ಕಡೆ ಎತ್ತರಿಸುವ ಹಿಡಿ ತಿರುಗಿಸಿ ನೋಡುವರು, ಕಾಲಿಗೆ ತುಕ್ಕು ಹಿಡಿದಿದೆಯೇ ಎಂದು ಬಗ್ಗಿ ನೋಡುವರು, ಫೋಟೋ ಹೊಡೆದು ಹೊರಡುವರು. ಒಂದು ಮನೆಯಲ್ಲಿ ಮನೋರಮಕ್ಕ ಬಾಗಿಲಿಗೆ ಅಡ್ಡ ನಿಂತು, "ಮಂಚದ ಮೇಲೆ ಒಬ್ಬ ಮನುಷ್ಯ ಉಂಟು, ಕಾಣ್ತದಾ ನಿಂಗೆ?" ಎಂದು ಕೇಳಿದರು. "ನಾನು ನನ್ನ ಕೆಲ್ಸಕ್ಕೆ ಬಂದದ್ದು" ಎಂದರು ಹರಿನಾಥಣ್ಣ. ಮಂಚದ ಮೇಲಿದ್ದ ಮುದುಕ ಇಬ್ಬರನ್ನೂ ನೋಡಿ ಕಣ್ಣು ಮುಚ್ಚಿಕೊಂಡ.

ಇನ್ನು ಆಗಬೇಕಾದದ್ದು ಆಗಲು ತಡವಾಗಲಿಲ್ಲ. ಕ್ಲಬ್ಬಿನ ಗ್ರೂಪಿನಲ್ಲಿ ಒಂದು ದಿನ ಎರಡನೇ ನಂಬರಿನ ಮಂಚದ ಮೇಲೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬರ ಫೋಟೋ. ಮುಂದಿನ ತಿಂಗಳು ಅದೇ ಗ್ರೂಪಿನಲ್ಲಿ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ. ಮತ್ತೆ ಎರಡನೇ ನಂಬರು, ಈ ಸಲ ಒಬ್ಬರು ಅಜ್ಜಿ. ಮತ್ತೆ ಶ್ರದ್ಧಾಂಜಲಿ. ಅಬುಧಾಬಿಯಲ್ಲಿ ಕುಳಿತ ಯಾವನೋ ಕೆಲಸವಿಲ್ಲದವನು, "ಎರಡನೇ ನಂಬರು ಮುಂದೆ ಯಾರ ಮನೆಗೆ ಮಾರಾಯ್ರೇ?" ಎಂದು ಬರೆದ. ಆಮೇಲೆ ಅಳಿಸಿದ. ಅಳಿಸುವಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು.

ಆ ವಾರ ಎರಡನೇ ನಂಬರನ್ನು ನಾನು ಅಮ್ಮಣಿಯಕ್ಕನ ಮನೆಗೆ ಒಯ್ದೆ. ಅವರ ಗಂಡ ಉಗ್ಗಪ್ಪಣ್ಣ ಶೇಂದಿ ಇಳಿಸುವ ಮೂರ್ತೆದಾರರು, ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಬಲವಿಲ್ಲದೆ ಚಾಪೆಯಲ್ಲಿದ್ದರು. ಮಂಚಕ್ಕಾಗಿ ಅಮ್ಮಣಿಯಕ್ಕ ದಿನಾ ಫೋನು ಮಾಡುತ್ತಿದ್ದವರು. ಆದರೆ ಪಿಕಪ್ಪಿನ ಹಿಂದೆ ಬಂದು ಆ ಕೆಂಪು ನಂಬರು ನೋಡಿದವರೇ ಹಿಂದೆ ಸರಿದರು.

"ಬೇಡ ಸುಧೀರ, ಕೊಂಡೋಗು."

"ಎಂತಕ್ಕೆ ಅಕ್ಕ, ನೀವೇ ಕೇಳಿದ್ದಲ್ವಾ?"

"ಕೇಳಿದ್ದು ಹೌದು. ಇದನ್ನಲ್ಲ. ನಮ್ಮವರು ಇನ್ನೂ ಬದುಕಿದ್ದಾರೆ."

ಒಂದನೆಯದನ್ನು ತರುತ್ತೇನೆ ಎಂದೆ. ಅದರಲ್ಲಿ ಯಾರು ತೀರಿಕೊಂಡರು ಎಂದು ಅವರೇ ಹೇಳಿದರು. ಮೂರನೆಯದೂ ಗೊತ್ತಿತ್ತು, ನಾಲ್ಕನೆಯದೂ ಗೊತ್ತಿತ್ತು. ಒಳಗೆ ಉಗ್ಗಪ್ಪಣ್ಣ ನೋವಿನಿಂದ ನರಳುವುದು ಕೇಳುತ್ತಿತ್ತು. ಮಂಚವನ್ನು ಹಾಗೆಯೇ ಹಿಂದೆ ತಂದೆ. ತಿಂಗಳಾಗುವಷ್ಟರಲ್ಲಿ, ಒಯ್ಯುವವರಿಲ್ಲದೆ, ನಾಲ್ಕೂ ಮಂಚಗಳು ಮನೋರಮಕ್ಕನ ಕೊಟ್ಟಿಗೆ ಸೇರಿದವು. ಉಗ್ಗಪ್ಪಣ್ಣನ ಬೆನ್ನಿನಲ್ಲಿ ಹುಣ್ಣೆದ್ದಿತು. ಮನೋರಮಕ್ಕ ಹೋಗಿ ಬೆನ್ನು ನೋಡಿದರು, ಯಾವತ್ತಿನ ಹಾಗೆ ಬೈಯಲಿಲ್ಲ. ಅಲ್ಲಿಂದ ನೇರ ಸಮಿತಿ ಸಭೆಗೆ ಬಂದರು.

"ನಿನ್ನ ನಂಬರಿನಿಂದಾಗಿ ಒಬ್ಬ ನೆಲದಲ್ಲಿ ಕೊಳೀತಿದ್ದಾನೆ" ಎಂದರು.

ಹರಿನಾಥಣ್ಣ ಬಗ್ಗಲಿಲ್ಲ. "ನಂಬರಿನಿಂದ ಅಲ್ಲ, ಮೂಢನಂಬಿಕೆಯಿಂದ. ನೀವು ಸಂಚಾಲಕಿ, ಮನೆಮನೆಗೆ ಹೋಗಿ ತಿಳಿಸಿ ಹೇಳೂದು ನಿಮ್ಮ ಕೆಲ್ಸ. ಅಥವಾ ನೀವೇ ಹಬ್ಬಿಸಿದ್ದೋ ಇದನ್ನು, ಯಾರಿಗೆ ಗೊತ್ತು?"

"ನಿನ್ನ ಮನೆಗೆ ಬೇಕಾದ್ರೆ ಎರಡನೇ ನಂಬರು ಕೊಂಡೋಗ್ತೀಯಾ?"

"ಸಂಶಯವೇ ಬೇಡ."

ಸಭೆ ಅಲ್ಲಿಗೆ ಮುಗಿಯಿತು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತುಹೋಯಿತು. ಅಧ್ಯಕ್ಷರ ಆದೇಶಗಳು ಗ್ರೂಪಿನಲ್ಲಿ ಬರುತ್ತಿದ್ದವು, ಮನೋರಮಕ್ಕ ಅವನ್ನು ಓದಿ ಸುಮ್ಮನಿರುತ್ತಿದ್ದರು.

ಆ ಮಳೆಗಾಲದಲ್ಲಿ ಹರಿನಾಥಣ್ಣನ ತಾಯಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನನಗೆ ಹರಿನಾಥಣ್ಣನ ಫೋನು ಬಂತು. ಮಂಗಳೂರಿಗೆ ಹೋಗಿ ಹೊಸ ಮಂಚ ತರಬೇಕಂತೆ. ಕ್ಲಬ್ಬಿನ ಮಂಚಗಳನ್ನು ತಂದ ಅಂಗಡಿಯಿಂದಲೇ, ಅದೇ ನಮೂನೆಯದ್ದು. "ನಾಲ್ಕು ಖಾಲಿ ಉಂಟಲ್ಲ ಹರಿನಾಥಣ್ಣ" ಎಂದೆ, ಬೇಕೆಂದೇ. ಅವರು ಅಂಗಡಿಯ ಹೆಸರನ್ನೇ ಇನ್ನೊಮ್ಮೆ ಹೇಳಿ, "ನೀನು ಯಾರತ್ರವೂ ಹೇಳ್ಲಿಕ್ಕೆ ಹೋಗ್ಬೇಡ" ಎಂದರು. ನಾನು ತಲಪಾಡಿ ಗಡಿ ದಾಟುವ ಮೊದಲೇ ಮನೋರಮಕ್ಕನಿಗೆ ಫೋನು ಮಾಡಿ ಹೇಳಿಬಿಟ್ಟೆ. ಅಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ಮನೋರಮಕ್ಕ ಕೇಳಿ ನಗುತ್ತಾರೆ ಎಂದುಕೊಂಡಿದ್ದೆ. "ತಾಯಿಗೆ ಅಲ್ವಾ" ಎಂದಷ್ಟೇ ಹೇಳಿದರು.

ಆ ಮುದುಕಿ ಮತ್ತೆ ಏಳಲಿಲ್ಲ. ಉತ್ತರಕ್ರಿಯೆ ಕಳೆದ ಮೇಲೆ ಹರಿನಾಥಣ್ಣ ಆ ಮಂಚವನ್ನು ಕ್ಲಬ್ಬಿಗೆ ದಾನ ಮಾಡಿದರು. ಸಣ್ಣ ಕಾರ್ಯಕ್ರಮ, ಮೈಕು, ಫೋಟೋ ಎಲ್ಲ ಇತ್ತು. ಮಂಚದ ತಲೆಯ ಕಡೆ ತಾಯಿಯ ಹೆಸರು, ಜನನ ಮರಣದ ತಾರೀಕು, ಸ್ಮರಣಾರ್ಥ ಎಂಬ ಮಾತು, ಪಕ್ಕದಲ್ಲಿ ಐದನೇ ನಂಬರು. ಇಂಥದ್ದನ್ನು ಮಾಡಿದ ಮೇಲೂ ಅವರಿಗೆ ತಾನೇನು ಮಾಡಿದೆನೆಂದು ತಿಳಿಯಲಿಲ್ಲ. ಮಾತಾಡುವಾಗ ಕಣ್ಣೊರೆಸಿಕೊಂಡರು, ಅದು ನಾಟಕವಲ್ಲ. ಮನೋರಮಕ್ಕ ಕೈಮುಗಿದು ಮಂಚ ಸ್ವೀಕರಿಸಿದರು.

ಮರುದಿನ ಬೆಳಿಗ್ಗೆ ನನ್ನನ್ನು ಅಂಗಳಕ್ಕೆ ಕರೆಸಿದರು. ಐದೂ ಮಂಚಗಳು ಸಾಲಾಗಿದ್ದವು. ಸೀಮೆಎಣ್ಣೆ, ಮರಳು ಕಾಗದ, ಹಸಿರು ಬಣ್ಣದ ಡಬ್ಬಿ ಎಲ್ಲ ಸಿದ್ಧವಾಗಿತ್ತು. ಕ್ಲಬ್ಬಿನ ಹೆಸರು, ನಂಬರುಗಳನ್ನು ತಿಕ್ಕಿ ತೆಗೆಯುವಾಗ ನನಗೆ ಖುಷಿಯೇ ಆಯಿತು. ಐದನೆಯದಕ್ಕೆ ಬಂದಾಗ ಕೈ ನಿಂತಿತು.

"ಸತ್ತವರ ಹೆಸರು ಅಕ್ಕ. ಇದನ್ನು ಅಳಿಸೂದು ಸರಿ ಅಲ್ಲ."

"ಈ ಹೆಸರು ಇದ್ರೆ ಇದ್ರಲ್ಲಿ ಯಾರು ಮಲಗ್ತಾರೆ? ತಿಕ್ಕು."

ತಿಕ್ಕಿದೆ. ಸಂಜೆಯ ಹೊತ್ತಿಗೆ ಐದೂ ಒಂದೇ ಹಸಿರು. ಬಣ್ಣ ಒಣಗಿದ್ದೇ ಮನೋರಮಕ್ಕ ನನ್ನನ್ನು ಪೇಟೆಗೆ ಅಟ್ಟಿದರು. ಮರಳಿ ಬರುವಷ್ಟರಲ್ಲಿ ಮಂಚಗಳ ಜಾಗ ಬದಲಾಗಿತ್ತು, ಪಕ್ಕದ ಮನೆಯವರನ್ನು ಕರೆದು ಎಳೆಸಿರಬೇಕು.

ಸುದ್ದಿ ಮುಟ್ಟಿ ಹರಿನಾಥಣ್ಣ ಬಂದರು. ಅವರ ಮುಖ ನೋಡಿದರೆ ಹೊಡೆಯುತ್ತಾರೇನೋ ಎನ್ನಿಸಿತು. ಒಂದೊಂದೇ ಮಂಚದ ಸುತ್ತ ಬಂದರು, ಅಡಿಗೆ ಬಗ್ಗಿ ನೋಡಿದರು.

"ಅಮ್ಮನದ್ದು ಯಾವುದು?"

"ಗೊತ್ತಿಲ್ಲ."

"ನನ್ನಮ್ಮ ಜೀವ ಬಿಟ್ಟ ಮಂಚ ಅದು."

"ಎಲ್ಲ ಮಂಚದಲ್ಲಿಯೂ ಯಾರದ್ದೋ ಅಮ್ಮ ಜೀವ ಬಿಟ್ಟಿದ್ದಾಳೆ. ಅವರ ಮಕ್ಕಳು ಯಾರೂ ಬಂದು ಕೇಳ್ಲಿಲ್ಲ."

ಹರಿನಾಥಣ್ಣ ನನ್ನ ಕಡೆ ತಿರುಗಿದರು. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ಸಂಜೆಯೇ, ಮನೋರಮಕ್ಕನನ್ನು ಸಂಚಾಲಕಿ ಸ್ಥಾನದಿಂದ ತೆಗೆದುಹಾಕಲಾಗಿದೆ, ಆಸಕ್ತರು ಹೆಸರು ಕೊಡಬೇಕು ಎಂದು ಗ್ರೂಪಿನಲ್ಲಿ ಬರೆದರು. ಯಾರ ಹೆಸರೂ ಬರಲಿಲ್ಲ. ಹೊಲಸು ಒರೆಸುವ ಹುದ್ದೆಗೆ ನಮ್ಮಲ್ಲಿ ಪೈಪೋಟಿ ಇಲ್ಲ. ಹಾಗಾಗಿ ಮನೋರಮಕ್ಕ, ತೆಗೆದುಹಾಕಿಸಿಕೊಂಡೂ, ಇದ್ದಲ್ಲೇ ಉಳಿದರು.

ಒಂದು ಮಂಚ ಉಗ್ಗಪ್ಪಣ್ಣನ ಮನೆಗೆ ಹೋಯಿತು. ಅಮ್ಮಣಿಯಕ್ಕ ಸುತ್ತ ನೋಡಿದರು, ಹಸಿರಲ್ಲದೆ ಬೇರೇನೂ ಕಾಣಲಿಲ್ಲ, ಒಳಗಿಡಲು ಜಾಗ ಮಾಡಿದರು. ಉಗ್ಗಪ್ಪಣ್ಣನನ್ನು ಎತ್ತಿ ಮಲಗಿಸಿ ತಲೆಯ ಕಡೆ ಎತ್ತರಿಸಿದಾಗ ಬಿದ್ದಂದಿನಿಂದ ಮೊದಲ ಸಲ ಕಿಟಕಿಯಿಂದ ಹೊರಗೆ ನೋಡಿ ಅತ್ತರು. ಉಳಿದ ನಾಲ್ಕೂ ಒಂದೊಂದಾಗಿ ಹೊರಟವು.

ತಿಂಗಳ ತಪಾಸಣೆಯನ್ನು ಹರಿನಾಥಣ್ಣ ಬಿಡಲಿಲ್ಲ. ಆದರೆ ಅಮ್ಮಣಿಯಕ್ಕ ಹೇಳಿದ್ದು ಬೇರೆಯೇ. "ಬಂದ್ರು, ಮಂಚದ ಕಂಬಿ ಹಿಡ್ಕೊಂಡು ನಿಂತ್ರು. ಮತ್ತೆ ಇವರ ಹತ್ರ ಊಟ ಸೇರ್ತದಾ ಅಂತ ಕೇಳಿದ್ರು. ಫೋಟೋ ತೆಗೀಲಿಲ್ಲ." ಬೇರೆ ನಾಲ್ಕು ಮನೆಯವರೂ ಅದನ್ನೇ ಹೇಳಿದರು. ಒಂದು ಮನೆಗೆ ಬೆನ್ನು ಹುಣ್ಣಾಗದ ಹಾಗೆ ನೀರಿನ ಹಾಸಿಗೆ ತಂದುಕೊಟ್ಟರಂತೆ. ಮನೋರಮಕ್ಕ ಎದುರಾದರೆ ಮಾತ್ರ ಈಗಲೂ ಮುಖ ತಿರುಗಿಸುತ್ತಾರೆ, ಮನೋರಮಕ್ಕನೂ ಬಿಟ್ಟುಕೊಟ್ಟಿಲ್ಲ.

ಮೊನ್ನೆ ಪಿಕಪ್ಪಿನಲ್ಲಿ ಬರುವಾಗ ಕೇಳಿದೆ, "ಅಕ್ಕ, ಆ ಮುದುಕಿಯ ಮಂಚ ಯಾವುದು ಅಂತ ನಿಮ್ಗೂ ನಿಜಕ್ಕೂ ಗೊತ್ತಿಲ್ವಾ?"

"ಗೊತ್ತುಂಟು" ಎಂದರು ಮನೋರಮಕ್ಕ. "ಹೇಳಿದ್ರೆ ಅವನು ಒಂದೇ ಮನೆಗೆ ಹೋಗ್ತಾನೆ."