ರೈಟರ್ ಪ್ರಸಾದರ ಮಾನಿಟರ್

ಬಾಳೂರು ಕಡೆಯ ಎಸ್ಟೇಟೊಂದರಲ್ಲಿ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್ ಪ್ರಸಾದರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಅವರ ವಿಷಯದಲ್ಲಿ ನನ್ನಿಂದ ಯಾರೂ ದಾಕ್ಷಿಣ್ಯ ನಿರೀಕ್ಷಿಸಬೇಡಿ. ಹೋದ ವರ್ಷದ ಕಾಫಿ ಕೊಯ್ಲಿನಲ್ಲಿ ಅವರು ನನ್ನ ಅಮ್ಮ ದೇವೀರಮ್ಮನನ್ನು ಕಣದಲ್ಲಿ ನಿಲ್ಲಿಸಿ, "ಚೀಲದ ತುಂಬ ಹಸಿ ಕಾಯಿ ತಂದಿದೀಯ, ನಾಳೆಯಿಂದ ಬರ್ಬೇಡ" ಎಂದು ಓಡಿಸಿದರು. ಹಣ್ಣನ್ನೇ ಕೊಯ್ದಿದ್ದೇನೆ ಎಂದು ಅಮ್ಮ ಅತ್ತರೂ ಕೇಳಲಿಲ್ಲ. ಸುತ್ತ ನಿಂತವರು ರೈಟರ ಬಾಯಿಗೆ ಹೆದರಿ ತಲೆ ತಗ್ಗಿಸಿದರು. ಆಮೇಲೆ ಯಾವ ತೋಟದವರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ.

ಪ್ರಸಾದರಿಗೆ ಮಾತ್ರ ಒಳ್ಳೆಯ ಹೆಸರು. ಪ್ರತಿ ಸಂಜೆ ಚೀಲಗಳನ್ನು ಕಣದಲ್ಲಿ ಸುರಿಸಿ, ಮೇಸ್ತ್ರಿಯನ್ನು ಕರೆದು, "ನೀನೇ ನೋಡಿ ಹೇಳು ಲಕ್ಕಯ್ಯ ಮಾರಾಯ, ಹಣ್ಣೋ ಕಾಯೋ?" ಎನ್ನುತ್ತಿದ್ದರು. ಕೆಳಗಿನವರಿಗೂ ಮರ್ಯಾದೆ ಕೊಡುವ ಮನುಷ್ಯ ಎಂದು ಜನ ಹೊಗಳುತ್ತಿದ್ದರು. ಅಮ್ಮನನ್ನು ಓಡಿಸಿದ ದಿನ ಲಕ್ಕಯ್ಯ ಜ್ವರ ಬಂದು ಮನೆಯಲ್ಲಿ ಮಲಗಿದ್ದ.

ನಾನು ಕಳಸದಲ್ಲಿ ಟಿವಿ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಈ ಸಲದ ಕೊಯ್ಲು ಶುರುವಾದ ಹೊಸತರಲ್ಲಿ ಪ್ರಸಾದರು ಜೀಪಿನಿಂದ ಒಂದು ಮಾನಿಟರ್ ಇಳಿಸಿಕೊಂಡು ಬಂದರು. ಜೊತೆಗೆ ಕೈಯಲ್ಲಿ ಹಿಡಿದು ಆಡುವ ಒಂದು ಗೇಮಿಂಗ್ ಕನ್ಸೋಲ್. ಸಂಜೆ ಅದನ್ನು ಮಾನಿಟರ್‌ಗೆ ಸಿಕ್ಕಿಸಿ ಕಾರು ಓಡಿಸುವುದು ಅವರ ಶೋಕಿಯಂತೆ. ನಾನು ಯಾರ ಮಗಳೆಂದು ಅವರಿಗೆ ಗೊತ್ತಿರಲಿಲ್ಲ.

"ಬಣ್ಣ ಕೆಟ್ಟಿದೆ ಅಂತ ನನ್ನ ಹೆಂಡ್ತಿ ತಲೆ ತಿಂತಾಳೆ. ಏನೂ ಆಗಿಲ್ಲ. ಸುಮ್ನೆ ಇಲ್ಲದ ರಿಪೇರಿ ಹೇಳ್ಬೇಡ ಮತ್ತೆ" ಎಂದು ಗದರಿದರು.

ಹಲ್ಲು ಕಚ್ಚಿಕೊಂಡು ಕನ್ಸೋಲನ್ನು ಮಾನಿಟರ್‌ಗೆ ಜೋಡಿಸಿದೆ. ಕನ್ಸೋಲಿನ ಪುಟ್ಟ ಪರದೆಯಲ್ಲಿ ಕೆಂಪು ಕಾರು ಕೆಂಪಾಗಿಯೇ ಇತ್ತು. ಮಾನಿಟರ್‌ನಲ್ಲಿ ಅದೇ ಕಾರು ಇದ್ದಿಲಿನಂತೆ ಕಪ್ಪು, ಬಿಳಿ ಗೆರೆಗಳೆಲ್ಲ ಹಸಿರು ಮಿಶ್ರಿತ ನೀಲಿ. ಕೇಬಲ್ ಬದಲಿಸಿದೆ, ಹಾಗೇ ಇತ್ತು. ಅಂಗಡಿಯ ಲ್ಯಾಪ್‌ಟಾಪ್ ಸಿಕ್ಕಿಸಿದರೂ ಹಾಗೇ. ಅಂದರೆ ದೋಷ ಮಾನಿಟರ್‌ನದೇ. ಅದರ ಸೆಟ್ಟಿಂಗ್ ತೆರೆದು ನೋಡಿದರೆ, ಯಾರೋ ಕೆಂಪನ್ನು ಪೂರ್ತಿ ಸೊನ್ನೆಗೆ ಇಳಿಸಿದ್ದರು.

"ಇದನ್ನ ಯಾರು ಇಳಿಸಿದ್ದು ಸಾರ್?"

"ನಾನೇ. ಬೆಳಕು ಕಣ್ಣಿಗೆ ಹೊಡೀತಿತ್ತು, ಏನೇನೋ ಒತ್ತಿದೆ. ಅದ್ರಿಂದ ಏನ್ ವ್ಯತ್ಯಾಸ ಆಯ್ತು ಈಗ?"

ನಾನು ಅವರ ಮುಖವನ್ನೇ ನೋಡಿದೆ. ಕೆಂಪನ್ನು ಮೊದಲಿನ ಮಟ್ಟಕ್ಕೆ ಏರಿಸಿ, ನನ್ನ ಮೊಬೈಲಿನಲ್ಲಿದ್ದ ಕಾಫಿ ಗೊಂಚಲಿನ ಫೋಟೋವೊಂದನ್ನು ಮಾನಿಟರ್‌ಗೆ ಹಾಕಿದೆ. ಅರ್ಧ ಕೆಂಪು ಹಣ್ಣು, ಅರ್ಧ ಹಸಿರು ಕಾಯಿ.

"ಇದ್ರಲ್ಲಿ ಹಣ್ಣು ಯಾವ್ದು, ತೋರ್ಸಿ ರೈಟ್ರೆ."

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬೆರಳು ಮುಂದೆ ಚಾಚಿ ತಡೆದರು. ಆಮೇಲೆ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದರು, ಲಕ್ಕಯ್ಯನನ್ನು ಹುಡುಕುವ ಹಾಗೆ. ಅಲ್ಲಿ ಯಾರೂ ಇರಲಿಲ್ಲ.

"ನಾನು ದೇವೀರಮ್ಮನ ಮಗಳು ರಕ್ಷಾ" ಎಂದೆ.

ಅವರ ಮುಖ ಬಿಳಿಚಿಕೊಂಡಿತು. ಚಿಕ್ಕಂದಿನಿಂದ ಹೀಗೇ, ಕೆಂಪು ಹಸಿರು ಗೊತ್ತಾಗಲ್ಲ ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. "ಧಣಿಗಳಿಗೆ ಗೊತ್ತಾದ್ರೆ ನನ್ನ ಕೆಲ್ಸ ಹೋಗತ್ತೆ, ಯಾರಿಗೂ ಹೇಳ್ಬೇಡ ಮಾರಾಯ್ತಿ."

"ನಮ್ಮಮ್ಮನ ಕೆಲ್ಸ ಹೋಗಿ ವರ್ಷ ಆಯ್ತು. ನಾಳೆ ಸಂಜೆ ಅವಳನ್ನ ಕಣಕ್ಕೆ ಕರ್ಕೊಂಡು ಬರ್ತೀನಿ. ನೀವು ಹೇಳ್ತೀರೋ, ನಾನು ಹೇಳ್ಲೋ?"

ಅವರ ಮೇಲೆ ನನಗೆ ಒಂದಿಷ್ಟೂ ಕರುಣೆ ಹುಟ್ಟಲಿಲ್ಲ. ಕಣ್ಣು ಹಾಗಿದ್ದದ್ದು ಅವರ ತಪ್ಪಲ್ಲ, ಗೊತ್ತು. ಆದರೆ ಕಾಣದ್ದನ್ನು ಕಂಡೆ ಎಂದು ಅಬ್ಬರಿಸಿದ ಬಾಯಿ ಅವರದೇ.

ಮರುದಿನ ಕಣದಲ್ಲಿ ಕೊಯ್ಲಿನ ಹೆಂಗಸರೆಲ್ಲ ಚೀಲ ಹಿಡಿದು ನಿಂತಿದ್ದರು. ಪ್ರಸಾದರು ಲಕ್ಕಯ್ಯನನ್ನು ದಾಟಿ ಅಮ್ಮನ ಮುಂದೆ ಬಂದು ನಿಂತರು.

"ದೇವೀರಮ್ನೋರೆ, ನಂಗೆ ಕೆಂಪು ಬಣ್ಣ ಗೊತ್ತಾಗಲ್ಲ. ಅವತ್ತು ನೀವು ತಂದಿದ್ದು ಹಣ್ಣೇ ಇರ್ಬೇಕು."

"ಇರ್ಬೇಕು ಅಲ್ಲ, ಹಣ್ಣೇ" ಎಂದಳು ಅಮ್ಮ. "ಇನ್ನೊಂದ್ಸಲ ಸರಿಯಾಗಿ ಹೇಳಿ. ಅವತ್ತು ಬೈದಷ್ಟೇ ಜೋರಾಗಿ."