ಈದ ಕುರಿಗೆ ಒಂಚೂರು ನೆಲ

ಜರಗನಹಳ್ಳಿಯಲ್ಲಿ ಈಗಲೂ ನಮ್ಮನ್ನು ಜಮೀನಿನವರು ಅಂತಲೇ ಕರೆಯುತ್ತಾರೆ. ಆ ಜಮೀನು ನೋಡಬೇಕಾದರೆ ಲಿಫ್ಟ್ ಹತ್ತಬೇಕು. ಮೇಲಿನ ಮನೆ ನಮ್ಮದು, ಕೆಳಗಿನವೆಲ್ಲ ಬಾಡಿಗೆಗೆ.

ನಾನು ಸೊಸೆಯಾಗಿ ಬಂದಾಗ ಇಲ್ಲಿ ರಾಗಿ ಹೊಲವಿತ್ತು. ಕೊಯ್ಲಾದ ಮೇಲೆ ಶಿರಾ ಕಡೆಯಿಂದ ಕುರಿಯವರು ಬರುತ್ತಿದ್ದರು. ಅವರದು ಮಳೆ ಕಾಣದ ಬಯಲು. ಸಂಕ್ರಾಂತಿ ಕಳೆದರೆ ಹುಲ್ಲೂ ಇಲ್ಲ, ನೀರೂ ಇಲ್ಲ. ನಮ್ಮಲ್ಲಿ ತಗ್ಗಿಗೊಂದು ಕೆರೆ. ಆ ಕೆರೆಗಳನ್ನೇ ಹಿಡಿದು ಮಂದೆ ಕನಕಪುರದ ಕಡೆ ಇಳಿಯುತ್ತಿತ್ತು, ಮುಂಗಾರು ಬಿದ್ದ ಮೇಲೆ ಹಿಂತಿರುಗುತ್ತಿತ್ತು. ಅವರ ಮದುವೆ ಮುಂಜಿಗೂ ಮಳೆಯೇ ಮುಹೂರ್ತ ಇಡುತ್ತಿತ್ತು. ಹೊಲದಲ್ಲಿ ಮಂದೆ ನಿಲ್ಲಿಸಿದರೆ ನಮಗೆ ಗೊಬ್ಬರ, ಅವರಿಗೆ ರಾಗಿ. ದಾರಿಯಲ್ಲಿ ಕುರಿ ಈದರೆ ತಾಯಿ ಮರಿ ಎರಡನ್ನೂ ನಮ್ಮ ಹಿತ್ತಲಿಗೆ ಬಿಟ್ಟು, ವಾಪಸ್ ಬರುವಾಗ ಹೊಡೆದುಕೊಂಡು ಹೋಗುತ್ತಿದ್ದರು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಹೊಲ ಹೋದ ಮೇಲೆ ಅವರು ಊರಾಚೆಯಿಂದಲೇ ಸುತ್ತಿ ಹೋಗುತ್ತಿದ್ದರು. ಈ ಬೇಸಿಗೆಯಲ್ಲಿ ಆ ಸುತ್ತುದಾರಿಗೂ ಬೇಲಿ ಬಿದ್ದು, ಮಂದೆ ಕನಕಪುರ ರಸ್ತೆಗೇ ಬಂದುಬಿಟ್ಟಿತು. ಮೆಟ್ರೊ ಕಂಬದ ಹತ್ತಿರ ಒಂದು ಕುರಿ ಈದಿತಂತೆ. ಹಳೆಯ ಕುರಿಯವರ ಮಗ, ಈಗ ಅವನಿಗೂ ಮೀಸೆ ನರೆತಿದೆ, ಮಂದೆಯನ್ನು ಹೆಂಡತಿಗೆ ಒಪ್ಪಿಸಿ ನಮ್ಮ ಮನೆ ಹುಡುಕಿಕೊಂಡು ಬಂದ. ಕಂಬಳಿಯಲ್ಲಿ ಮರಿ, ಹಿಂದೆ ತೂರಾಡುವ ತಾಯಿ.

ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಕೆಳಗಿನ ಪಾರ್ಕಿಂಗ್‌ನಲ್ಲಿ ಕಾರುಗಳ ನಡುವೆ ಜಾಗ ಮಾಡಿ ಬಕೆಟ್‌ನಲ್ಲಿ ನೀರಿಟ್ಟೆ. ಕುರಿ ಕುಡಿಯಿತು. ಆದರೆ ಟೈಲ್ಸ್ ಮೇಲೆ ಅದರ ಕಾಲು ನಿಲ್ಲಲೊಲ್ಲದು. ಏಳುತ್ತದೆ, ಜಾರುತ್ತದೆ, ಬೀಳುತ್ತದೆ. ತಾಯಿ ನಿಲ್ಲದೆ ಮರಿಗೆ ಹಾಲಿಲ್ಲ. ಗೋಣಿಚೀಲ ಹಾಸಿದೆ, ಅದೂ ಜಾರಿತು. ಆ ನುಣುಪಾದ ಟೈಲ್ಸನ್ನು ಅಂಗಡಿ ಅಂಗಡಿ ಅಲೆದು ಆರಿಸಿದವಳು ನಾನೇ. ಈಗ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

"ಒಂಚೂರು ಮಣ್ಣಿನ ನೆಲ ತೋರ್ಸಕ್ಕ," ಅಂದ. "ಕಾಲೂರಿ ನಿಂತ್ಕಂಡ್ರೆ ಬದುಕ್ಕಂತದೆ."

ಕಾಂಪೌಂಡ್ ಸುತ್ತ ನಡೆದೆ. ಮುಂದೆ ಕಲ್ಲು, ಹಿಂದೆ ಕಾಂಕ್ರೀಟ್, ಪಕ್ಕದಲ್ಲಿ ಸಂಪ್. ಮಣ್ಣು ಇದ್ದದ್ದು ತುಳಸಿ ಕುಂಡದಲ್ಲಿ ಮಾತ್ರ. ಪಾರ್ಕಿಗೆ ಓಡಿದೆ. ಪ್ರಾಣಿಗಳನ್ನು ಒಳಗೆ ಬಿಟ್ಟರೆ ತನ್ನ ಕೆಲಸ ಹೋಗುತ್ತದೆ ಮೇಡಂ ಅಂದ ಕಾವಲುಗಾರ. ಅವನದೂ ತಪ್ಪಲ್ಲ. ಎದುರಿನ ಖಾಲಿ ಸೈಟಿಗೆ ಬೀಗ. ಮಾಲೀಕರು ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಬಾಡಿಗೆಯವರೊಬ್ಬರು ಇಳಿದು ಬಂದು, ಕಾರು ತೆಗೆಯಬೇಕಿತ್ತು ಆಂಟಿ, ಎಂದು ಸಂಕೋಚದಿಂದಲೇ ಕೇಳಿದರು. ಬೈಯಲಾದರೂ ಒಬ್ಬ ಕೆಟ್ಟವರು ಸಿಕ್ಕಿದ್ದರೆ ಚೆನ್ನಾಗಿತ್ತು.

ಕುರಿಯವನಿಗೆ ಅರ್ಥವಾಯಿತು. ಮರಿಯನ್ನು ಕಂಬಳಿಗೆ ಸೇರಿಸಿ, ತಾಯಿಯನ್ನು ಹೆಗಲ ಮೇಲೆ ಹಾಕಿಕೊಂಡ. ಮುಂದೆ ಎಲ್ಲಾದರೂ ಸಿಗುತ್ತದೆ ಬಿಡಿ ಎಂದು ನನಗೇ ಸಮಾಧಾನ ಹೇಳಿದ. ಏನಾದರೂ ಬೇಕಾದರೆ ಫೋನ್ ಮಾಡು ಎಂದು ನಂಬರ್ ಕೊಟ್ಟೆ. ಏನು ಕೊಡಬಲ್ಲೆ ಅಂದುಕೊಂಡು ಹಾಗೆ ಹೇಳಿದೆನೋ ಗೊತ್ತಿಲ್ಲ.

ಸಂಜೆ ಫೋನ್ ಬಂತು. ಇನ್ನೂ ರಸ್ತೆಯಲ್ಲೇ ಇದ್ದ. ಹಿಂದೆ ಬಸ್ಸುಗಳ ಹಾರ್ನ್ ಕೇಳಿಸುತ್ತಿತ್ತು. ಮರಿ ಉಸಿರಾಡುತ್ತಿದೆ, ತಾಯಿ ಹೋಯ್ತು ಅಂದ. ಆಮೇಲೆ ಕೇಳಲೋ ಬೇಡವೋ ಎಂಬಂತೆ ಕೇಳಿದ.

"ಅಕ್ಕಾ, ಹೂಳಕ್ಕಾದ್ರೂ ಎಲ್ಲಾದ್ರೂ ಒಂಚೂರು ಮಣ್ಣು ಸಿಕ್ತದಾ?"